ನನ್ನ ದೂರನ್ನು ಕಾಲೇಜಿನವರು ಮಾತಲ್ಲೇ ಮುಗಿಸಿದರಂತೆ. ಯಾರಿಗೆ ಮುಗಿಯಿತು?

ಕೋಪ ಇಳಿದ ಮೇಲೆ ಬರೆಯೋಣ ಅಂತ ನಾಲ್ಕು ದಿನ ಕಾದೆ. ಇಳಿಯಲಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರ್‌ಗೆ ಇಬ್ಬರು. ನಾನು ಕೆಲಸ ಮುಗಿಸಿ ಎದ್ದ ತಕ್ಷಣ ನನ್ನ ಜೊತೆಯವನು ಜೇಬಿನಿಂದ ಟಿಶ್ಯೂ ತೆಗೆದು ಕೀಬೋರ್ಡ್ ಒರೆಸುತ್ತಿದ್ದ. ಒಂದೊಂದೇ ಕೀ, ಆತುರವಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ಆ ಟಿಶ್ಯೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು "ಬಣ್ಣ ಹತ್ತಿಲ್ಲ ಕಣ್ರೋ" ಅನ್ನುತ್ತಿದ್ದ. ಹಿಂದಿನ ಸಾಲಿನವರು ನಗುತ್ತಿದ್ದರು. ನನ್ನ ಹೆಸರು ಅವನ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ನಮ್ಮ ಜನಾಂಗದ ಹೆಸರನ್ನೇ ಬೈಗುಳದ ಹಾಗೆ ಕೂಗುತ್ತಿದ್ದ. ಕೊನೆಗೆ ನನ್ನ ಐಡಿ ಕಾರ್ಡಿನ ಫೋಟೋ ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರಾಣಿಯ ಮೈಗೆ ಅಂಟಿಸಿದ ಸ್ಟಿಕರ್ ಆಯಿತು.

ಆರು ವಾರ ಸಹಿಸಿದೆ. ಆಮೇಲೆ ತಾರೀಖು, ಹೊತ್ತು, ಅಲ್ಲಿ ಯಾರ‍್ಯಾರಿದ್ದರು, ಸ್ಕ್ರೀನ್‌ಶಾಟ್, ಎಲ್ಲ ಸೇರಿಸಿ ಎರಡು ಪುಟ ಮಾಡಿಕೊಂಡು ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಮೊದಲ ಪುಟವನ್ನು ಅರ್ಧ ಓದಿದರು. ಮಡಚಿದರು. ನನ್ನ ಕಡೆಗೇ ತಳ್ಳಿದರು.

"ನೋಡಮ್ಮಾ, ಇದು ಕಾಗದದ ಮೇಲೆ ಬಂದರೆ ಕಮಿಟಿ, ವಿಚಾರಣೆ ಅಂತ ಎಳೆದಾಡುತ್ತೆ. ನಿನಗೂ ಕಷ್ಟ. ಆ ಹುಡುಗನ ಭವಿಷ್ಯಾನೂ ನೋಡಬೇಕಲ್ವಾ? ಮಾತಲ್ಲೇ ಮುಗಿಸೋಣ. ಸಣ್ಣ ವಿಷಯ."

ನನ್ನ ಕಣ್ಣು ತುಂಬಿದ್ದು ನೋಡಿ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. ಆ ಟಿಶ್ಯೂ ಮುಟ್ಟಲು ನನ್ನ ಕೈ ಬರಲಿಲ್ಲ.

ಸಣ್ಣ ವಿಷಯವಂತೆ! ದಿನಾ ಬೀಳುವ ಇಂಥ ಚಿಕ್ಕ ಚಿಕ್ಕ ಏಟುಗಳು ಮನಸ್ಸನ್ನು ಹೇಗೆ ಸವೆಸುತ್ತವೆ ಅಂತ ನೋಡಿಯೇ ಅಮೆರಿಕದ ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರಲ್ಲಿ ಅವಕ್ಕೆ 'ಮೈಕ್ರೋಅಗ್ರೆಷನ್' ಅಂತ ಹೆಸರಿಟ್ಟರು. ಅವರೇ ಕರಿಯ ಜನಾಂಗದವರು, ಅನುಭವಿಸಿ ಗೊತ್ತಿದ್ದವರು. ಐವತ್ತು ವರ್ಷ ದಾಟಿದರೂ ನಮ್ಮ ಮುಖ್ಯಸ್ಥರಿಗೆ ಅದು ಇನ್ನೂ ಹುಡುಗಾಟವೇ.

ಮಾತಲ್ಲಿ ಬಗೆಹರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲರಿಗೂ ವಿಚಾರಣೆ ಬೇಕಿರುವುದಿಲ್ಲ. ಎಷ್ಟೋ ಜನಕ್ಕೆ ಬೇಕಾಗಿರುವುದು ಇಷ್ಟೇ, ಅದು ನಿಲ್ಲಬೇಕು. ನಾನೂ ಅಷ್ಟನ್ನೇ ಕೇಳಿದ್ದು. ಆದರೆ ಅದಕ್ಕೊಂದು ರೀತಿ ಇದೆಯಲ್ಲ! ಲಿಖಿತ ದೂರಿನ ದಾರಿಯೂ ಇದೆ ಅಂತ ಮೊದಲೇ ಹೇಳಬೇಕು. ಯಾವ ದಾರಿ ಅನ್ನುವುದನ್ನು ನಾನು ಆರಿಸಬೇಕು, ಅವರಲ್ಲ. ನಡುವೆ ಸಾಕು ಅನ್ನಿಸಿದರೆ ಬಿಟ್ಟು ದೂರು ಕೊಡಲು ಬಿಡಬೇಕು. ಅವನ ಎದುರು ಕೂರಲು ಇಷ್ಟವಿಲ್ಲದಿದ್ದರೆ ನನ್ನ ಮಾತನ್ನು ಬೇರೆಯವರು ಅವನಿಗೆ ಮುಟ್ಟಿಸಬೇಕು. ಏನು ಒಪ್ಪಿಕೊಂಡೆವು, ಅದು ಪಾಲನೆ ಆಗುತ್ತಿದೆಯಾ ಅಂತ ಯಾರು ನೋಡುತ್ತಾರೆ, ನಾಲ್ಕು ಸಾಲಾದರೂ ಬರೆದಿಡಬೇಕು.

ನನಗಾದದ್ದು ಏನು? ಮಾರನೇ ದಿನ ಕರೆಸಿದರು. ಹೋದರೆ ಅವನು ಆಗಲೇ ಅಲ್ಲಿ ಕೂತಿದ್ದಾನೆ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. "ತಮಾಷೆಗೆ ಮಾಡಿದ್ದು, ಬೇಜಾರಾಗಿದ್ರೆ ಸಾರಿ" ಅಂದ. ಬೇಜಾರಾಗಿದ್ರೆ! ಟಿಶ್ಯೂ ಬಗ್ಗೆ ಮಾತಿಲ್ಲ, ಸ್ಟಿಕರ್ ಬಗ್ಗೆ ಮಾತಿಲ್ಲ. ಕೈ ಕೊಡಿ ಅಂದರು, ಕೊಟ್ಟೆ. ಆಚೆ ಹೋಗಿ ಅವನು ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ಕಣ್ಣಾರೆ ನೋಡಿದೆ. ಎಲ್ಲ ಸೇರಿ ಹತ್ತೇ ನಿಮಿಷ. ಆಮೇಲೆ ಲ್ಯಾಬ್ ಬ್ಯಾಚ್ ಬದಲಾಯಿಸಿದರು, ಅದೂ ನನ್ನದು. ಅವನು ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ನಾನು ಗೆಳತಿಯರನ್ನೆಲ್ಲ ಬಿಟ್ಟು ಸಂಜೆಯ ಬ್ಯಾಚಿಗೆ ಹೋಗುತ್ತೇನೆ.

ಇದೇ ಕಾಲೇಜಿನಲ್ಲಿ ಮಾರ್ಚ್ 21ರಂದು ಜನಾಂಗೀಯ ತಾರತಮ್ಯ ವಿರೋಧಿ ದಿನ ಆಚರಿಸಿದರು. 1960ರಲ್ಲಿ ಅದೇ ದಿನ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಕರಿಯರು ಪಾಸ್ ಕಾನೂನಿನ ವಿರುದ್ಧ (ತಮ್ಮದೇ ನಾಡಲ್ಲಿ ಓಡಾಡಲೂ ಅವರು ಪಾಸ್ ಪುಸ್ತಕ ಇಟ್ಟುಕೊಳ್ಳಲೇಬೇಕು ಅನ್ನುವ ಕಾನೂನು) ಸೇರಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲೇ 69 ಜನ ಸತ್ತರು. ಇದನ್ನೆಲ್ಲ ವೇದಿಕೆ ಮೇಲೆ ನಿಂತು ಗದ್ಗದ ದನಿಯಲ್ಲಿ ಹೇಳಿದ್ದು ಯಾರು ಗೊತ್ತಾ? ನನ್ನ ಎರಡು ಪುಟ ಮಡಚಿಟ್ಟ ಅದೇ ಮುಖ್ಯಸ್ಥರು. ಎದುರಿನ ಸಾಲಿನಲ್ಲಿ ಕೂತು ಕೇಳಿದೆ. ಮೈ ಉರಿಯಿತು.

ಈ ಕೋಪ ಈಗ ಯಾಕೆ ಅಂದರೆ, ಹೋದ ವಾರ ಮೊದಲನೇ ವರ್ಷದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. "ಅಕ್ಕಾ, ನಿಮಗೂ ಹೀಗೇ ಆಗಿತ್ತಂತೆ ಹೌದಾ?" ಅಂತ ಕೇಳಿದಳು. ಅದೇ ಹುಡುಗ. ಅದೇ ಮಾತು. ಅವಳು ಆಫೀಸಿಗೆ ಹೋದಾಗ "ಆ ಹುಡುಗನ ಮೇಲೆ ಇದುವರೆಗೆ ಒಂದೂ ದೂರು ಬಂದಿಲ್ಲ, ಮಾತಲ್ಲೇ ಮುಗಿಸಿಕೊಳ್ಳಿ" ಅಂದರಂತೆ. ಹೇಗೆ ಬರುತ್ತೆ? ನನ್ನದನ್ನು ಬರೆದುಕೊಂಡೇ ಇಲ್ಲವಲ್ಲ! ಅವಳ ನಂತರ ಇನ್ನೊಬ್ಬಳು ಹೋದರೆ ಅವಳೂ ಮೊದಲನೆಯವಳೇ ಆಗುತ್ತಾಳೆ.

ನಾನು ಮುಖ್ಯಸ್ಥರ ಹತ್ತಿರ ಹೋಗಿ ನನ್ನ ದೂರನ್ನು ಈಗಲಾದರೂ ತೆಗೆದುಕೊಳ್ಳಿ ಅಂದೆ. "ಅದು ಆಗಲೇ ಇತ್ಯರ್ಥ ಆಯ್ತಲ್ಲಮ್ಮ, ನೀನೇ ಕೈ ಕೊಟ್ಟೆಯಲ್ಲ" ಅಂದರು.

ಹೌದು, ಕೊಟ್ಟೆ. ಕೊಡದಿದ್ದರೆ ಜಗಳಗಂಟಿ ಅನ್ನುತ್ತಿದ್ದರು. ಇಂಟರ್ನಲ್ ಅಂಕ ಹಾಕುವುದೂ ಅವರೇ.

ಆ ಹುಡುಗಿಯೂ ನಾನೂ ಲೈಬ್ರರಿಯಲ್ಲಿ ಕೂತು ಒಂದೇ ದೂರು ಬರೆದೆವು. ನನ್ನ ಎರಡು ಪುಟ, ಅವಳ ಮೂರು ಪುಟ. ಪ್ರಿನ್ಸಿಪಾಲರಿಗೆ ಮೇಲ್ ಮಾಡಿದ್ದೇವೆ, ಮುಖ್ಯಸ್ಥರಿಗೂ ಒಂದು ಪ್ರತಿ ಹೋಗಿದೆ. ಕೊನೆಯ ಸಾಲು ಅವಳದ್ದು: "ದಯವಿಟ್ಟು ಉತ್ತರವನ್ನು ಬರವಣಿಗೆಯಲ್ಲೇ ಕೊಡಿ." ಇವತ್ತಿಗೆ ಐದನೇ ದಿನ. ಇನ್ನೂ ಉತ್ತರ ಬಂದಿಲ್ಲ. ಬೆಳಿಗ್ಗೆ ಆಫೀಸಿನಿಂದ ಫೋನ್ ಮಾತ್ರ ಬಂತು, ಒಂದ್ಸಲ ಬಂದು ಮಾತಾಡಿ ಹೋಗಿ ಅಂತ.