ಮರಾಕೇಶ್ ಚೌಕದಲ್ಲಿ ನಮ್ಮ ದುಡ್ಡು ಯಾರ ಕೈಗೆ ಹೋಗಬೇಕು?

ಮೊರಾಕೊಗೆ ಹೋಗಿ ಬಂದೆ ಅಂದ ಕೂಡಲೇ ಜನ ಕೇಳೋದು ಒಂದೇ. "ಆ ಚೌಕದಲ್ಲಿ ಸಿಕ್ಕಾಪಟ್ಟೆ ಟೋಪಿ ಹಾಕ್ತಾರಂತೆ, ಹೌದಾ?" ಪ್ರವಾಸದ ಗುಂಪುಗಳಲ್ಲೂ ಇದೇ ಮಾತು. ಒಬ್ಬರು ಮಂಗನ ಜೊತೆ ಫೋಟೋಗೆ ಎಷ್ಟು ಕಿತ್ತುಕೊಂಡರು ಅಂತ ಬರೆಯುತ್ತಾರೆ. ಕೆಳಗೆ ಉಳಿದವರು ಬಂದು ತಮ್ಮ ತಮ್ಮ ಲೆಕ್ಕ ಒಪ್ಪಿಸುತ್ತಾರೆ.

ಟೋಪಿ ಹಾಕುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನನ್ನ ತಕರಾರು ಬೇರೆ. ಕೊಟ್ಟ ದುಡ್ಡು ಜಾಸ್ತಿಯಾಯ್ತು ಅಂತ ಗೋಳಾಡುತ್ತೇವಲ್ಲ, ಯಾರಿಗೆ ಕೊಟ್ಟೆವು ಅಂತ ಯಾಕೆ ಯೋಚಿಸಲ್ಲ? ಆ ಚೌಕ ಇವತ್ತು ಹೀಗೆ ಆಗಿರುವುದರಲ್ಲಿ ನಮ್ಮಂಥ ಪ್ರವಾಸಿಗರ ಜೇಬಿನ ಪಾಲು ದೊಡ್ಡದಿದೆ.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಮರಾಕೇಶ್ ಹನ್ನೊಂದನೇ ಶತಮಾನದ ಊರು, ಅಲ್ಮೊರಾವಿದ್ ಮನೆತನದವರು ಕಟ್ಟಿಸಿದ್ದು. ಹಳೇ ಊರಿಗೆ ಮದೀನಾ ಅಂತಾರೆ. ಸುತ್ತ ಕೆಂಪು ಮಣ್ಣಿನ ಕೋಟೆಗೋಡೆ, ಒಳಗೆ ಒಂದು ದೊಡ್ಡ ಬಯಲು. ಅದೇ ಜೆಮಾ ಎಲ್ ಫ್ನಾ. ಚೌಕ ಅಂತ ಕರೆದರೂ ಆಕಾರ ತ್ರಿಕೋನ. ಹತ್ತಿರದಲ್ಲೇ ಕುತುಬಿಯಾ ಮಸೀದಿಯ ಮಿನಾರ್, 77 ಮೀಟರ್ ಎತ್ತರ, ಹನ್ನೆರಡನೇ ಶತಮಾನದ್ದು. ಮುಸ್ಲಿಮರಲ್ಲದವರನ್ನು ಒಳಗೆ ಬಿಡಲ್ಲ. ಆದರೂ ಅದರ ಉಪಕಾರ ದೊಡ್ಡದು. ಉತ್ತರದ ಕಡೆ ಮಾರುಕಟ್ಟೆಯ ಗಲ್ಲಿಗಳಿಗೆ ಹೊಕ್ಕು ದಾರಿ ತಪ್ಪಿದವರು ಸಂದು ಸಿಕ್ಕಲ್ಲಿ ತಲೆ ಎತ್ತಿ ಈ ಮಿನಾರ್ ಹುಡುಕಿದರೆ ಸಾಕು, ಚೌಕ ಸಿಕ್ಕಿತು ಅಂತಲೇ ಲೆಕ್ಕ.

ಬೆಳಿಗ್ಗೆ ಹೋದರೆ "ಇದಕ್ಕಾ ಇಷ್ಟೊಂದು ಹೆಸರು" ಅನಿಸುತ್ತದೆ. ಸಾಲಾಗಿ ಕಿತ್ತಳೆ ಜ್ಯೂಸಿನ ಗಾಡಿಗಳು, ಪುಟ್ಟ ಸ್ಟೂಲ್ ಹಾಕಿಕೊಂಡು ಕೂತ ಮೆಹಂದಿ ಹೆಂಗಸರು, ದೊಡ್ಡ ಕೊಡೆ ಕೆಳಗೆ ಹಾವಾಡಿಗರು. ಅಷ್ಟೇ. ಸಂಜೆಯಾಗುತ್ತಿದ್ದ ಹಾಗೆ ಗಾಡಿಗಳಲ್ಲಿ ಕಬ್ಬಿಣದ ಕಂಬ, ಬೆಂಚು, ಟಾರ್ಪಾಲು, ಗ್ಯಾಸ್ ಸಿಲಿಂಡರ್ ಹೇರಿಕೊಂಡು ಎಳೆದು ತರುತ್ತಾರೆ. ನೋಡ್ತಾ ನೋಡ್ತಾ ಖಾಲಿ ನೆಲದ ಮೇಲೆ ಸಾಲು ಸಾಲು ಹೋಟೆಲು ಎದ್ದು ನಿಲ್ಲುತ್ತದೆ. ಕೆಂಡದ ಮೇಲೆ ಮಾಂಸ ಬೇಯುವ ಹೊಗೆ ದೀಪಗಳ ಬೆಳಕಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ ತುಂಬಾ ಹೊತ್ತಾದ ಮೇಲೆ ಅಷ್ಟನ್ನೂ ಕಳಚಿ ವಾಪಸ್ ಒಯ್ಯುತ್ತಾರೆ. ಇದು ದಿನದ ಕೆಲಸ.

ನಾವು ಹೋಗಿದ್ದು ಅಕ್ಕ, ಭಾವನ ಜೊತೆ. ಅವರು ಜರ್ಮನಿಯಲ್ಲಿರುವುದರಿಂದ ಅಲ್ಲಿಂದ ವಿಮಾನ ಹತ್ತಿರ. ಭಾವನಿಗೆ ಗಡ್ಡ, ಗೋಧಿ ಬಣ್ಣ. ಮೊದಲ ಸಂಜೆಯೇ ಊಟದ ಸಾಲಿನಲ್ಲಿ ಕೂಗು ಶುರುವಾಯಿತು. "ಇಂಡಿಯಾ? ಶಾರುಖ್ ಖಾನ್! ಅಮಿತಾಭ್ ಬಚ್ಚನ್! ಬನ್ನಿ ಬನ್ನಿ!" ಮೊರಾಕೊದಲ್ಲಿ ಹಿಂದಿ ಸಿನಿಮಾದ ಹುಚ್ಚು ಇಂದಿನದಲ್ಲ. ಮರಾಕೇಶ್ ಚಿತ್ರೋತ್ಸವದಲ್ಲಿ 2011ರಲ್ಲಿ ಶಾರುಖ್‌ಗೆ ಸನ್ಮಾನ ಮಾಡಿದ್ದರು, ಮರುವರ್ಷ ಭಾರತೀಯ ಸಿನಿಮಾಕ್ಕೇ ಗೌರವ ಸಲ್ಲಿಸಿದರು. ಒಬ್ಬ ಅಂಗಡಿಯವನು ಹಳೇ ಹಿಂದಿ ಹಾಡಿನ ಸಾಲನ್ನು ಸುಮಾರು ಸರಿಯಾಗೇ ಹಾಡಿ ತೋರಿಸಿದ. ಅರ್ಥ ಕೇಳಿದರೆ ನಕ್ಕುಬಿಟ್ಟ. ನಮಗೆ ಹೊಟ್ಟೆ ತುಂಬಾ ಖುಷಿ. ಸ್ಕಾರ್ಫಿನ ಬೆಲೆ ಮಾತ್ರ ಒಂದು ದಿರ್ಹಮ್ ಇಳಿಸಲಿಲ್ಲ ಪುಣ್ಯಾತ್ಮ.

ಈಗ ದುಡ್ಡಿನ ವಿಷಯ. ಈ ಚೌಕಕ್ಕೆ ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಕಲಾವಿದ ನಿಂತು ಕೂಗುತ್ತಾನೆ, ಜನ ಸುತ್ತ ನೆರೆಯುತ್ತಾರೆ. ಆ ಸುತ್ತುಗಟ್ಟಿದ ಗುಂಪಿಗೆ ಹಲ್ಕಾ ಅಂತಾರೆ. ಜನ ಹಾಕುವ ಚಿಲ್ಲರೆಯೇ ಅವನ ದಿನದ ದುಡಿಮೆ. ಹಾಗಾಗಿ ಜನ ಯಾವುದಕ್ಕೆ ದುಡ್ಡು ಹಾಕುತ್ತಾರೋ ಅದು ಬೆಳೆಯುತ್ತದೆ, ಯಾವುದಕ್ಕೆ ಹಾಕಲ್ಲವೋ ಅದು ಎದ್ದು ಹೋಗುತ್ತದೆ.

ಎದ್ದು ಹೋದವರು ಯಾರು ಗೊತ್ತಾ? ಕತೆ ಹೇಳುವವರು.

ಈ ಚೌಕಕ್ಕೆ ಜಗತ್ತಿನಲ್ಲಿ ಹೆಸರು ಬಂದದ್ದೇ ಅವರಿಂದ. ಕಟ್ಟಡಗಳಿಗಾಗಿ ಮದೀನಾ 1985ರಲ್ಲೇ ಯುನೆಸ್ಕೊ ಪಟ್ಟಿ ಸೇರಿತ್ತು. ಆದರೆ ಈ ಬಯಲಿನಲ್ಲಿ ಕಾಪಾಡಬೇಕಾದ್ದು ಕಲ್ಲು, ಗಾರೆ ಅಲ್ಲವಲ್ಲ. 1990ರ ದಶಕದಲ್ಲಿ ಚೌಕದ ಪಕ್ಕ ದೊಡ್ಡ ಕಟ್ಟಡ, ನೆಲದಡಿ ಪಾರ್ಕಿಂಗ್ ಕಟ್ಟುವ ಯೋಜನೆ ಬಂತು. ಮರಾಕೇಶ್‌ನಲ್ಲೇ ನೆಲೆಸಿದ್ದ ಸ್ಪೇನಿನ ಲೇಖಕ ಹುವಾನ್ ಗೊಯ್ತಿಸೊಲೊ ಅದರ ವಿರುದ್ಧ ಎದ್ದು ನಿಂತರು. ಬಾಯಿಂದ ಬಾಯಿಗೆ ಬಂದ ಕತೆ, ಹಾಡೂ ಆಸ್ತಿಯೇ ಅಂತ ವಾದಿಸಿದರು. 1997ರಲ್ಲಿ ಮರಾಕೇಶ್‌ನಲ್ಲೇ ಯುನೆಸ್ಕೊ ಸಭೆ ನಡೆಯಿತು. 2001ರಲ್ಲಿ ಮೌಖಿಕ ಪರಂಪರೆಯ ಮೊದಲ ಪಟ್ಟಿ ಹೊರಬಿತ್ತು. ಅದರಲ್ಲಿ ಈ ಚೌಕ ಇತ್ತು, ನಮ್ಮ ಕೇರಳದ ಸಂಸ್ಕೃತ ನಾಟಕ ಕೂಡಿಯಾಟ್ಟಂ ಕೂಡ ಇತ್ತು. ಅಂದರೆ ಇವತ್ತು ಯಾವುದೋ ಕುಣಿತ, ಯಾವುದೋ ಅಡುಗೆ ಯುನೆಸ್ಕೊ ಪಟ್ಟಿ ಸೇರಿತು ಅಂತ ಸುದ್ದಿ ಓದುತ್ತೀವಲ್ಲ, ಆ ದಾರಿ ತೆರೆದದ್ದರಲ್ಲಿ ಈ ಧೂಳಿನ ಬಯಲಿನ ಪಾಲಿದೆ.

ಹೆಸರು ಬಂತು. ಹೆಸರಿನ ಹಿಂದೆ ನಾವು ಬಂದೆವು. ನಮಗೆ ಅಲ್ಲಿನ ದಾರಿಜಾ ಅರಬಿ ಬರಲ್ಲ. ಕತೆಗಾರ ಒಂದು ಗಂಟೆ ಹೇಳಿದರೂ ನಮಗೆ ಅದು ಬರೀ ಸದ್ದು. ಹಾವು, ಮಂಗಕ್ಕೆ ಭಾಷೆ ಬೇಕಾಗಿಲ್ಲ. ಎರಡು ಸೆಕೆಂಡಿನ ವಿಡಿಯೋಗೆ ಅದು ಸಾಕು. ಊಟದ ಸಾಲು ದೊಡ್ಡದಾಯಿತು, ಮೈಕು, ಸ್ಪೀಕರ್ ಬಂದವು, ಬರಿಗಂಟಲಿನ ಮುದುಕರ ಮಾತು ಕೇಳಿಸದಂತಾಯಿತು. ಟೀವಿ, ಮೊಬೈಲಿನ ಪಾಲೂ ಇದೆ, ಒಪ್ಪೋಣ. ಈಗ ಕತೆ ಕೇಳಬೇಕು ಅಂದರೆ ಕೆಲವು ಕೆಫೆಗಳಿಗೆ ಹೋಗಬೇಕು. ಅಲ್ಲಿ ಹಳಬರಿಂದ ಕಲಿತ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಚೆನ್ನಾಗೇ ಹೇಳುತ್ತಾರೆ. ಆದರೆ ಕೇಳುವವರೆಲ್ಲ ನಮ್ಮಂಥವರೇ. ತರಕಾರಿ ಚೀಲ ಹಿಡಿದುಕೊಂಡು ನಿಂತು ಕೇಳುವ ಆ ಊರಿನವರು ಅಲ್ಲಿಗೆ ಬರಲ್ಲ.

ಹಾವಿನ ವಿಷಯಕ್ಕೆ ಬರ್ತೀನಿ. ಅಲ್ಲಿನ ಹಾವಾಡಿಗರು ಊದುವುದು ಶಹನಾಯಿಯಂಥ ವಾದ್ಯ, ಘೈತಾ ಅಂತ. ಕಿವಿ ಗುಂಯ್ ಅನ್ನುವಷ್ಟು ಜೋರು. ಚಾಪೆ ಮೇಲೆ ನಾಗರ ಹೆಡೆ ಎತ್ತಿರುತ್ತದೆ, ಪಕ್ಕದಲ್ಲಿ ದಪ್ಪ ಮೈಯ ಮಂಡಲದ ಹಾವು ಸುಮ್ಮನೆ ಬಿದ್ದಿರುತ್ತದೆ. ನಾವು ನಾಲ್ಕು ಮಾರು ದೂರದಲ್ಲಿದ್ದೆವು. ಒಬ್ಬ ನೀರುಹಾವಿನಂಥದ್ದೊಂದನ್ನು ಕೈಗೆ ಸುತ್ತಿಕೊಂಡು ನಗುತ್ತಾ ಬಂದವನೇ ನೇರ ಭಾವನ ಕೊರಳಿಗೆ ಹಾಕಲು ನೋಡಿದ. ಭಾವ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅವನು ಅದನ್ನು ಫೋಟೋಗೆ ಪೋಸು ಅಂದುಕೊಂಡು ಇನ್ನೂ ಹತ್ತಿರ ಬಂದ. ಅಕ್ಕ ಕನ್ನಡದಲ್ಲೇ ಗದರಿದಳು. "ಏಯ್, ಬೇಡ ಅಂದ್ನಲ್ಲಪ್ಪಾ!" ಆ ದನಿ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ ಬಿಡಿ. ಹೋದ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸುವುದು ಅಪರಾಧ. ಇಲ್ಲಿ ಯಾರಾದರೂ ಬುಟ್ಟಿ ತಂದು ಕೂತರೆ ಫಾರೆಸ್ಟಿನವರಿಗೆ ಫೋನ್ ಮಾಡುವ ಜನ ನಾವು. ಅಲ್ಲಿಗೆ ಹೋದ ತಕ್ಷಣ ಅದೇ ಹಾವನ್ನು ಹೆಗಲಿಗೆ ಹಾಕಿಸಿಕೊಂಡು ಡಿಪಿ ಬದಲಾಯಿಸುತ್ತೀವಿ. ಹಾವುಗಳ ಹಲ್ಲು ಕಿತ್ತಿರುತ್ತಾರೆ, ಕೆಲವಕ್ಕೆ ಬಾಯಿ ಹೊಲಿದಿರುತ್ತಾರೆ ಅಂತ ಪ್ರಾಣಿಗಳ ಪರ ಕೆಲಸ ಮಾಡುವವರು ಎಷ್ಟೋ ಸಲ ಹೇಳಿದ್ದಾರೆ. ಇನ್ನು ಡಯಾಪರ್ ಕಟ್ಟಿ, ಸರಪಳಿ ಹಾಕಿ ಎಳೆದಾಡುವ ಆ ಮಂಗಗಳು ಬಾರ್ಬರಿ ಮಕಾಕ್. ಮೊರಾಕೊ, ಆಲ್ಜೀರಿಯಾದ ಬೆಟ್ಟಕಾಡಿನವು, ಅಳಿವಿನಂಚಿನ ಪಟ್ಟಿಯಲ್ಲಿರುವವು. ಮರಿಗಳನ್ನು ಕಾಡಿನಿಂದ ಕದ್ದು ತರುತ್ತಾರೆ. ನಮ್ಮ ಒಂದು ಫೋಟೋದ ದುಡ್ಡು ಮುಂದಿನ ಮರಿಗೆ ಮುಂಗಡ.

"ಅವರಿಗೂ ಹೊಟ್ಟೆಪಾಡು ಅಲ್ವೇನೆ?" ಅಂದಳು ಅಕ್ಕ ರಾತ್ರಿ. ಹೌದು. ಹಾವಾಡಿಗರಲ್ಲಿ ತಲೆತಲಾಂತರದಿಂದ ಇದೇ ಕೆಲಸ ಮಾಡಿಕೊಂಡು ಬಂದ ಮನೆಗಳಿವೆ. ಅವರಿಗೆ ಬೇರೆ ದಾರಿ ಮಾಡಿಕೊಡುವುದು ಅಲ್ಲಿನ ಸರ್ಕಾರದ ಹೊಣೆ. ನನ್ನ ಜೇಬು ನನ್ನದು. ಅದರಿಂದ ಹಾವಿಗೆ, ಮಂಗಕ್ಕೆ ಒಂದು ಪೈಸೆ ಬೇಡ ಅನ್ನುವುದು ನನ್ನ ಹಟ.

ಹಾಗಾದರೆ ಯಾರಿಗೆ? ಗ್ನಾವಾ ಸಂಗೀತದವರಿಗೆ ಕೊಡಿ. ಸಹಾರಾದ ಆಚೆಯಿಂದ ಗುಲಾಮರಾಗಿ ಬಂದವರ ಪರಂಪರೆ ಅದು. ಕೈಯಲ್ಲಿ ಕಬ್ಬಿಣದ ದೊಡ್ಡ ತಾಳ, ತಲೆ ಮೇಲೆ ಕವಡೆ ಹೊಲಿದ ಟೋಪಿ. ಟೋಪಿಯ ಕುಚ್ಚು ಗಿರಗಿರ ಸುತ್ತುವ ಹಾಗೆ ಕತ್ತು ತಿರುಗಿಸುತ್ತಾರೆ. ಗ್ನಾವಾ ಕೂಡ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಮತ್ತೆ, ಅರ್ಥ ಆಗದ ಹಲ್ಕಾಗಳಿಗೂ ಕೊಡಿ. ಒಂದು ರಾತ್ರಿ ಬೆಳಕು ಕಡಿಮೆ ಇದ್ದ ಕಡೆ ಜನ ಮೂರು ಸಾಲು ಕಟ್ಟಿ ನಿಂತಿದ್ದರು. ಪ್ರವಾಸಿಗರು ಅಂದರೆ ನಾವೇ. ನಡುವೆ ಇಬ್ಬರು ಹಾಸ್ಯದವರು. ಒಬ್ಬ ದಪ್ಪ, ಹೆಂಗಸಿನ ಸ್ಕಾರ್ಫ್ ಕಟ್ಟಿಕೊಂಡಿದ್ದ. ಇನ್ನೊಬ್ಬ ಒಣಕಲು, ಅವನ ಕೈಯಲ್ಲಿ ಹಳೇ ಚಪ್ಪಲಿ. ಏನೋ ಮಾತು, ಚಪ್ಪಲಿಯಿಂದ ಒಂದು ಏಟು, ಜನ ಗೊಳ್ ಅಂತ ನಗು. ನನ್ನ ಪಕ್ಕದ ಅಜ್ಜಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಸರಿಯಾಗಿ ಜೋರು ನಗು ಬರುವ ಹೊತ್ತಿಗೆ ಒಣಕಲ ಆಟ ನಿಲ್ಲಿಸಿದ. ಅಂಗೈ ಮೇಲೆತ್ತಿ ಪ್ರಾರ್ಥನೆ ಶುರು ಮಾಡಿದ. ಜನರೂ ಅಂಗೈ ಎತ್ತಿದರು, ಪ್ರತಿ ಸಾಲಿಗೂ "ಆಮೀನ್". ಆಮೇಲೆ ಟೋಪಿ ಹಿಡಿದು ಸುತ್ತು ಹೊರಟ. ಮುಂದೇನಾಗುತ್ತೆ ಅಂತ ತಿಳಿಯಬೇಕಾದವರು ದುಡ್ಡು ಹಾಕಲೇಬೇಕು. ಎಂಥಾ ಲೆಕ್ಕಾಚಾರ! ಭಾವ ಹತ್ತು ದಿರ್ಹಮ್ ಹಾಕಿದರು.

"ಏನ್ ಭಾವ, ಒಂದು ಮಾತೂ ಅರ್ಥ ಆಗ್ಲಿಲ್ವಲ್ಲ?"

"ಚಪ್ಪಲಿ ಏಟು ಅರ್ಥ ಆಯ್ತಲ್ಲಮ್ಮ, ಸಾಕು."

ಈ ಬಯಲು ಆ ಊರಿನವರಿಗೆ ಏನು ಅಂತ ಹೊರಗಿನವರಿಗೆ ಬೇಗ ಮರೆತುಹೋಗುತ್ತದೆ. 2011ರ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ಕೆಫೆಯಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. 2023ರ ಸೆಪ್ಟೆಂಬರ್ 8ರ ರಾತ್ರಿ 6.8 ತೀವ್ರತೆಯ ಭೂಕಂಪ ಆಯಿತು. ಅಟ್ಲಾಸ್ ಬೆಟ್ಟದ ಹಳ್ಳಿಗಳಲ್ಲಿ ಹೆಚ್ಚು ಸಾವು, ಒಟ್ಟು ಸುಮಾರು 3,000. ಚೌಕದ ಖರ್ಬೂಶ್ ಮಸೀದಿಯ ಪುಟ್ಟ ಮಿನಾರ್ ಬಿದ್ದುಹೋಯಿತು. ಮನೆಗೆ ಹೋಗಲು ಹೆದರಿದ ಜನ ಕಂಬಳಿ ತಂದು ಈ ಚೌಕದಲ್ಲೇ ಮಲಗಿದರು. 2030ಕ್ಕೆ ಫುಟ್‌ಬಾಲ್ ವಿಶ್ವಕಪ್ ಬರುತ್ತಿದೆ, ಮರಾಕೇಶ್‌ನಲ್ಲೂ ಪಂದ್ಯಗಳಿವೆ. ಆಗ ನಮ್ಮಂಥವರ ನೂಕುನುಗ್ಗಲು ಇನ್ನೂ ಜಾಸ್ತಿ. ಚೌಕದಲ್ಲಿ ಸ್ಪೀಕರ್ ಇಲ್ಲದ ಒಂದು ಮೂಲೆಯನ್ನಾದರೂ ಹಲ್ಕಾಗಳಿಗೆ ಅಂತ ಬಿಟ್ಟುಕೊಟ್ಟರೆ ಎಷ್ಟು ಚೆನ್ನ. ಕೇಳೋಕೆ ನಾನ್ಯಾರು, ಆದರೂ ಆಸೆ.

ಊಟದ ಬಗ್ಗೆ ಕೇಳುವವರಿಗೆ: ಸ್ಟಾಲುಗಳಿಗೆ ನಂಬರ್ ಇರುತ್ತದೆ, ಕರೆಯುವ ಹುಡುಗರು ದಾರಿ ಬಿಡಲ್ಲ, ಕೋಪ ಮಾಡಿಕೊಳ್ಳಬೇಡಿ. ಕೂರುವ ಮುಂಚೆ ಬೆಲೆ ಕೇಳಿ. ಕೇಳದೇ ತಂದಿಟ್ಟ ಬ್ರೆಡ್ಡು, ಆಲಿವ್‌ಗೂ ಬಿಲ್ ಆಗಬಹುದು. ಸಸ್ಯಾಹಾರಿಗಳು ಸ್ವಲ್ಪ ಹುಷಾರು. ರವೆಯಂಥ ಕುಸ್ಕುಸ್ ತರಕಾರಿಯದ್ದು ಅಂದರೂ ಮಾಂಸದ ಸಾರಲ್ಲಿ ಬೇಯಿಸಿರಬಹುದು, ಹರೀರಾ ಸೂಪಿನಲ್ಲೂ ಮಾಂಸ ಇರಬಹುದು. ಬದನೆಕಾಯಿ ಸುಟ್ಟು ಟೊಮೆಟೊ ಜೊತೆ ಕಿವುಚಿದ ಝಾಲೂಕ್ ತಿನ್ನಿ, ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ಬಸವನಹುಳುವಿನ ಸಾರಿನ ಗಾಡಿಗಳೂ ಇವೆ. ಭಾವ ಕುಡಿದರು, ಮಸಾಲೆ ಚೆನ್ನಾಗಿದೆ ಅಂದರು. ಹುಳುವಿನ ಬಗ್ಗೆ ಏನೂ ಹೇಳಲಿಲ್ಲ. ಮೆಹಂದಿ ಹಾಕಿಸಿಕೊಳ್ಳುವುದಾದರೆ ಕಪ್ಪು ಬಣ್ಣದ್ದು ಬೇಡವೇ ಬೇಡ. ಅದಕ್ಕೆ ಕೂದಲಿನ ಡೈಯಲ್ಲಿರುವ ರಾಸಾಯನಿಕ ಬೆರೆಸಿರುತ್ತಾರೆ, ಕೈ ಬೊಬ್ಬೆ ಏಳಬಹುದು. ಕೈ ಹಿಡಿದೆಳೆದು ಶುರು ಮಾಡೇಬಿಡುವವರೂ ಇದ್ದಾರೆ, ಅದಕ್ಕೇ ಕೈ ಜೇಬಲ್ಲಿಟ್ಟುಕೊಂಡು ನಡೆಯಿರಿ.

ಕೊನೆಯದಾಗಿ ಚಿಲ್ಲರೆ. ಅಲ್ಲಿನ ದಿರ್ಹಮ್ ಬೇರೆ, ದುಬೈದು ಬೇರೆ. ಯೂರೋ ಒಯ್ದು ಅಲ್ಲೇ ಬದಲಾಯಿಸಿಕೊಳ್ಳಿ. ಒಂದು ದಿರ್ಹಮ್ ಅಂದರೆ ಸುಮಾರು ಒಂಬತ್ತು-ಹತ್ತು ರೂಪಾಯಿ. ಎಟಿಎಂಗಳು 100, 200ರ ನೋಟು ಉದುರಿಸುತ್ತವೆ, ಅದನ್ನು ಹಿಡಿದುಕೊಂಡು ಹಲ್ಕಾ ಮುಂದೆ ನಿಂತರೆ ಟೋಪಿ ಬಂದಾಗ ಮುಖ ತಿರುಗಿಸುವ ಹಾಗಾಗುತ್ತದೆ. ಸಂಜೆ ಮೊದಲು ಒಂದು ಗ್ಲಾಸ್ ಕಿತ್ತಳೆ ಜ್ಯೂಸ್ ಕುಡಿಯಿರಿ, ನೋಟು ಅಲ್ಲೇ ಮುರಿಸಿ. ಐದರ, ಹತ್ತರ ನಾಣ್ಯಗಳನ್ನೇ ಕೇಳಿ ಇಸ್ಕೊಳ್ಳಿ.