ಗಂಟೆಗೆ 145 ಕಿಲೋ ಏನು, ಈರುಳ್ಳಿನಾ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮೊನ್ನೆ ಟೆಸ್ಟಿನಲ್ಲಿ ಒಬ್ಬ ಹುಡುಗ ಕಿಲೋಗ್ರಾಂ ಸಂಕೇತಕ್ಕೆ ಕ್ಯಾಪಿಟಲ್ ಕೆ, ಕ್ಯಾಪಿಟಲ್ ಜಿ, ಕೊನೆಗೊಂದು ಎಸ್ ಹಾಕಿದ್ದ. ಅರ್ಧ ಅಂಕ ಕಳೆದೆ. "ಮಿಸ್, ಟಿವಿಯಲ್ಲಿ ಹಾಗೇ ಬರುತ್ತಲ್ಲ, ಅವರಿಗೆ ಯಾರು ಮಾರ್ಕ್ಸ್ ಕಟ್ ಮಾಡ್ತಾರೆ?" ಅಂದ.

ಅವತ್ತು ರಾತ್ರಿ ಮ್ಯಾಚ್ ನೋಡುವಾಗ ಸ್ಕೋರಿಗಿಂತ ಜಾಸ್ತಿ ಅಕ್ಷರಗಳೇ ಕಣ್ಣಿಗೆ ಬಿದ್ದವು. ಬೌಲರ್ ವೇಗ 145 ಕೆಪಿಎಚ್ ಅಂತೆ. ಬಿಡಿಸಿ ಓದಿದರೆ ಗಂಟೆಗೆ 145 ಕಿಲೋ. ಕಿಲೋ ಅಂದರೆ ಬರೀ ಸಾವಿರ. ನಮ್ಮ ಸಂತೆಯಲ್ಲಾದರೆ ಈರುಳ್ಳಿ ತೂಕ! ಕೆಎಂಪಿಎಚ್ ಕೂಡ ಸರಿಯಲ್ಲ. ನಿಮ್ಮ ಬೈಕಿನ ಮೀಟರ್ ನೋಡಿ: ಸ್ಮಾಲ್ ಕೆ, ಸ್ಮಾಲ್ ಎಂ, ಒಂದು ಓರೆಗೆರೆ, ಸ್ಮಾಲ್ ಎಚ್. ದೂರವನ್ನು ಹೊತ್ತಿನಿಂದ ಭಾಗಿಸಿದ್ದು ಆ ಗೆರೆಯಲ್ಲೇ ಕಾಣುತ್ತದೆ.

ಆಮೇಲೆ ಒಂದು ಸಿಕ್ಸರ್. 98, ಪಕ್ಕದಲ್ಲಿ ಕ್ಯಾಪಿಟಲ್ ಎಂ. ಮೀಟರಿಗೆ ಸ್ಮಾಲ್ ಎಂ. ಕ್ಯಾಪಿಟಲ್ ಎಂ ಅಂದರೆ ಮೆಗಾ, ಹತ್ತು ಲಕ್ಷ! ಹಾಗೇ ಕ್ಯಾಪಿಟಲ್ ಕೆ ಅಂದರೆ ಕೆಲ್ವಿನ್, ಉಷ್ಣತೆಯ ಮಾನ. ವಿಜ್ಞಾನಿಯ ಹೆಸರಿನಿಂದ ಬಂದ ಮಾನಕ್ಕೆ ಮಾತ್ರ ದೊಡ್ಡಕ್ಷರ. (ಲೀಟರಿಗೆ ವಿನಾಯಿತಿ ಇದೆ, ಸ್ಮಾಲ್ ಎಲ್ ಒಂದರ ಹಾಗೆ ಕಾಣುತ್ತೆ ಅಂತ.) ಬಹುವಚನದ ಎಸ್ ಅಂತೂ ಬೇಡವೇ ಬೇಡ, ಎಸ್ ಅಂದರೆ ಸೆಕೆಂಡ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಎತ್ತಿದ್ದು ಒಟ್ಟು 202 ಕಿಲೋಗ್ರಾಂ. ಹಿಂದೆ ಎಸ್ ಅಂಟಿಸಿದರೆ ಅದು ಕಿಲೋಗ್ರಾಂ ಸೆಕೆಂಡ್.

"ಅರ್ಥ ಆಗುತ್ತಲ್ಲ, ಬಿಡೇ" ಅಂತಾರೆ ನಮ್ಮನೆಯವರು. ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಆಟದವರು ಅಳತೆಯಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್‌ಗೆ ಕುಸ್ತಿ ಫೈನಲ್ ತಪ್ಪಿದ್ದು ಮೈತೂಕ ಬರೀ 100 ಗ್ರಾಂ ಹೆಚ್ಚಿದ್ದಕ್ಕೆ. ನೀರಜ್ ಚೋಪ್ರಾನ ಜಾವೆಲಿನ್ ಅದೇ ಪ್ಯಾರಿಸ್‌ನಲ್ಲಿ 89.45 ಮೀಟರ್, ಮರುವರ್ಷ ದೋಹಾದಲ್ಲಿ 90.23. ಸೆಂಟಿಮೀಟರ್ ಬಿಡದ ಜನ ಒಂದು ಅಕ್ಷರಕ್ಕೆ ಯಾಕೆ ಇಷ್ಟು ಉದಾಸೀನ? ನಮ್ಮ ಅಡುಗೆಮನೆಯ ರವೆ ಪ್ಯಾಕೆಟ್ಟಿನ ಮೇಲೆ ನೋಡಿದೆ: 500, ಒಂದು ಖಾಲಿ ಜಾಗ, ಸ್ಮಾಲ್ ಜಿ. ಪ್ಯಾಕೆಟ್ಟಿಗೆ ಲೀಗಲ್ ಮೆಟ್ರಾಲಜಿ ಕಾಯ್ದೆಯ, ಅಂದರೆ ತೂಕ-ಅಳತೆ ಕಾನೂನಿನ, ಕಡಿವಾಣವಿದೆ.

ಪಾಪ, ಗ್ರಾಫಿಕ್ಸ್ ಮಾಡುವವರದ್ದೇ ಪೂರ್ತಿ ತಪ್ಪಲ್ಲ. ಪರದೆಯ ಮೇಲೆ ಚೆಂದ ಕಾಣಲಿ ಅಂತ ಎಲ್ಲವನ್ನೂ ಕ್ಯಾಪಿಟಲ್‌ನಲ್ಲೇ ಕೂರಿಸುತ್ತಾರೆ. ಹಾಗಿದ್ದರೆ ಮೀಟರ್ ಅಂತ ಪೂರ್ತಿ ಬರೆದುಬಿಡಲಿ. ಪದವನ್ನು ಕ್ಯಾಪಿಟಲ್‌ನಲ್ಲಿ ಬರೆದರೆ ದೋಷವಿಲ್ಲ, ಸಂಕೇತವನ್ನು ಬರೆದರೆ ಅದು ಬೇರೆಯೇ ಆಗುತ್ತದೆ. ಕನ್ನಡಕ್ಕೆ ಈ ದೊಡ್ಡಕ್ಷರ, ಚಿಕ್ಕಕ್ಷರದ ರಗಳೆಯೇ ಇಲ್ಲ ನೋಡಿ.

ಮರುದಿನ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಹುಡುಗ ಸುಮ್ನೆ ಕೇಳಿಸಿಕೊಂಡ. ಕೊನೆಗೆ ಕಿಟಕಿಯಾಚೆ ಬೆರಳು ತೋರಿಸಿದ. ಅಲ್ಲಿ ನಮ್ಮ ಕ್ರೀಡಾಕೂಟದ ಬ್ಯಾನರ್. 100, ಅದಕ್ಕಂಟಿಕೊಂಡೇ ಎಂ, ಟಿ, ಎಸ್, ಮೂರೂ ಕ್ಯಾಪಿಟಲ್.

ಅದರ ಪ್ರೂಫ್ ನೋಡಿಕೊಟ್ಟವಳು ನಾನೇ.