ಲೆಕ್ಕ ಆಕಿ ಕೈಯಾಗ, ಮಾತು ಯಾರ ಕೈಯಾಗ?

ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ದೀಪಾವಳಿಗೆ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದಾಗ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ.

ಅಣ್ಣನ ಮಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ದಿನಾ ಮನೆಯಿಂದಲೇ ಹೋಗಿ ಬರುತ್ತಾಳೆ. ಅಂದು ಸಂಜೆ ಬಂದವಳೇ ಚಹಾ ಕುಡಿದು ಅಪ್ಪನ ಎದುರು ನೋಟ್‌ಬುಕ್ ಹಿಡಿದು ಕೂತಳು. ನಿಂಬೆಕಾಯಿ ಎಷ್ಟು ಚೀಲ ಹೋಯಿತು, ಅಡತಿಯವ ಎಷ್ಟು ಹಿಡಿದ, ಹಮಾಲಿ ಎಷ್ಟು – ಪಟ್ಟಿ ನೋಡಿ ಬರೆದಳು. “ಅಪ್ಪಾ, ಮೊದಲ ಸೊಸೈಟಿ ಸಾಲ ಕಟ್ಟೂಣು, ಮೋಟರ್ ಮುಂದಿನ ತಿಂಗಳ ನೋಡೂಣು.” ಅಣ್ಣ “ಹೂಂ ಅವ್ವಾ” ಅಂದ.

ನನ್ನ ಮಗ ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲಿನಲ್ಲಿದ್ದಾನೆ. ಒಳ್ಳೆಯ ಹುಡುಗ. ಆದರೆ ಮನೆ ಸಾಲದ ಕಂತು ಎಷ್ಟೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ನಾನೇ. ಹೋದ ವರ್ಷ ಅವನ ತಾಯಿಗೆ ಆಪರೇಷನ್ ಆದಾಗ ಪರೀಕ್ಷೆ ಇದೆಯೆಂದು ಮುಚ್ಚಿಟ್ಟೆವು. ಆಮೇಲೆ ತಿಳಿದು, “ನಾ ಏನ್ ಹೊರಗಿನಾಂವ ಏನಪ್ಪಾ?” ಎಂದು ಅತ್ತುಬಿಟ್ಟ.

ದೊಡ್ಡ ಊರು, ಮೊಬೈಲು ಮಕ್ಕಳನ್ನು ಕೆಡಿಸುತ್ತವೆ ಎನ್ನುವ ಮಾತು ಊರಿನ ಕಟ್ಟೆಯಲ್ಲಿ ದಿನಾ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಅಣ್ಣನ ಮಗಳು ಮಾರುಕಟ್ಟೆ ದರ ನೋಡುವುದೂ ಮೊಬೈಲಿನಲ್ಲೇ. ಮನೆಯ ಕಷ್ಟ ಸುಖದಲ್ಲಿ ಕೈ ಹಾಕಲು ಬಿಟ್ಟ ಮಕ್ಕಳಿಗೆ ಮನೆ ತಮ್ಮದು ಅನಿಸುತ್ತದೆ. ಉಪದೇಶದಿಂದ ಅದು ಬರುವುದಿಲ್ಲ.

ಹಾಗೆಂದು ಊರೇ ಮೇಲು ಅಂತಲ್ಲ. ಮರುದಿನ ಅದೇ ಹುಡುಗಿಯ ಮದುವೆ ಮಾತು ಪಡಸಾಲೆಯಲ್ಲಿ ನಡೆಯಿತು. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೌಶಿಕನ ಅರಮನೆ ಬಿಟ್ಟು ನಡೆದ ಅಕ್ಕನ ಹೆಸರಿನ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ ಅವಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಮಗಳಿಗೂ ಹಕ್ಕೆಂದು 2005ರಲ್ಲೇ ಕಾನೂನಾಗಿದೆ. ಆದರೂ ಹೊಲದ ಮಾತು ಬಂದರೆ ಅವಳ ತಮ್ಮನ ಹೆಸರೊಂದೇ ಕೇಳುತ್ತದೆ. ನನಗೆ ತಡೆಯಲಾಗಲಿಲ್ಲ. “ಅಣ್ಣಾ, ಸಾಲದ ಲೆಕ್ಕ ಆಕಿನ್ನ ಕೇಳ್ತಿ, ಆಕಿ ಮದುವಿ ಮಾತು ಆಕಿನ್ನ ಬಿಟ್ಟು ಹೆಂಗ ಆಡ್ತಿ?” ಅಂದೆ. ಅಣ್ಣ ಎಲೆ ಅಡಿಕೆ ಚೀಲ ಬಿಚ್ಚುತ್ತ ಸುಮ್ಮನಾದ.

ಪುಣೆಗೆ ಮರಳಿದ ಮೇಲೆ ಒಂದು ಭಾನುವಾರ ಮಗನನ್ನು ಕರೆಸಿ ಪಾಸ್‌ಬುಕ್, ಸಾಲದ ಕಾಗದ ಅವನ ಮುಂದಿಟ್ಟೆ. ಬಹಳ ಹೊತ್ತು ನೋಡಿ ಕೇಳಿದ: “ಊರಾಗಿನ ಹೊಲದ ಮ್ಯಾಲೂ ಸಾಲ ಐತೇನಪ್ಪಾ?”